ಸುತ್ತಿಗೆ ಅತ್ತಿಗೆಯ ಬಲಗೈ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಸುತ್ತಿಗೆ ಅತ್ತಿಗೆ ಅಂತ. ಎದುರುಗಡೆಯ ಬೀಗ ರಿಪೇರಿಯವನು ತಮಾಷೆಗೆ ಇಟ್ಟ ಹೆಸರು. ಹತ್ತೊಂಬತ್ತು ವರ್ಷದಲ್ಲಿ ಅದು ಎಷ್ಟು ಗಟ್ಟಿಯಾಗಿ ಕೂತುಬಿಟ್ಟಿತ್ತೆಂದರೆ, ನಿಜವಾದ ಹೆಸರೇನು ಅಂತ ಕೇಳಿದರೆ ಕಟ್ಟಿಕೊಂಡ ಗಂಡನೂ ಒಂದು ಗಳಿಗೆ ತಲೆ ಕೆರೆದುಕೊಳ್ಳಬೇಕಿತ್ತು. ಗಂಡ ಕಮ್ಮಾರ. ಮನೆಯ ಮುಂಭಾಗವೇ ಕುಲುಮೆ. ಹಿಂದೆ ಒಂದು ಅಡುಗೆಮನೆ, ಒಂದು ಕೋಣೆ. ಕುಲುಮೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲ ಮೇಲೆ ಹಳೆಯ ಮೊಳೆಗಳನ್ನು ನೆಟ್ಟಗೆ ಮಾಡುತ್ತಾ ಕೂತಿರುತ್ತಿದ್ದವಳು ಅವಳ ಅತ್ತೆ. ಆ ಮುದುಕಿಯ ಕಣ್ಣು ಕೊಂಚ ಮಂಜಾಗಿತ್ತು, ಬಾಯಿ ಮಾತ್ರ ಆಗಷ್ಟೇ ಸಾಣೆ ಹಿಡಿದಂತಿತ್ತು.

ಅವರ ಕೆಲಸ ಹೀಗೆ. ಕಮ್ಮಾರ ಇಕ್ಕಳದಲ್ಲಿ ಕೆಂಪಗೆ ಕಾದ ಕಬ್ಬಿಣ ಹಿಡಿದು ಅಡಿಗಲ್ಲಿನ ಮೇಲಿಡುತ್ತಾನೆ. ಬಲಗೈಯ ಸಣ್ಣ ಸುತ್ತಿಗೆಯಿಂದ, ಎಲ್ಲಿ ಬಡಿಯಬೇಕೋ ಅಲ್ಲಿ ಟಕ್ ಅನ್ನಿಸುತ್ತಾನೆ. ಎದುರು ನಿಂತವಳು ಚಮಟಿಗೆಯನ್ನು, ಅಂದರೆ ಎರಡೂ ಕೈಯಲ್ಲಿ ಎತ್ತಬೇಕಾದ ಐದು ಕಿಲೋ ತೂಕದ ದೊಡ್ಡ ಸುತ್ತಿಗೆಯನ್ನು, ಅದೇ ಜಾಗಕ್ಕೆ ಧಡ್ ಅಂತ ಇಳಿಸುತ್ತಾಳೆ. ಟಕ್, ಧಡ್. ಟಕ್, ಧಡ್. ನಡುವೆ ಮಾತಿಲ್ಲ. ನಿಲ್ಲಿಸಬೇಕಾದಾಗ ಕಮ್ಮಾರ ಬರಿಯ ಅಡಿಗಲ್ಲಿನ ಅಂಚಿಗೆ ಎರಡು ಸಲ ಟಕ್ ಟಕ್ ಅನ್ನಿಸುತ್ತಾನೆ. ಚಮಟಿಗೆ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಆಮೇಲೆ ಅವನು ತಲೆ ಬಗ್ಗಿಸಿ, ಹುಬ್ಬು ಸುಡುವಷ್ಟು ಹತ್ತಿರದಿಂದ, ಅಲಗು ನೆಟ್ಟಗಿದೆಯೇ ಅಂತ ನೋಡುತ್ತಾನೆ. ಆ ಹೊತ್ತಿಗೆ ಅವನ ತಲೆ ಸರಿಯಾಗಿ ಚಮಟಿಗೆಯ ಕೆಳಗಿರುತ್ತದೆ. ಮದುವೆಯಲ್ಲೂ ಇಷ್ಟು ನಂಬಿಕೆ ಇರುವುದಿಲ್ಲ. ಇವರ ಮದುವೆಯಲ್ಲಂತೂ ಇರಲೇ ಇಲ್ಲ.

ಕಮ್ಮಾರನಿಗೆ ಕೋಪ ಮೂಗಿನ ತುದಿಯಲ್ಲಿತ್ತು ಅನ್ನುತ್ತಿದ್ದರು ಬೀದಿಯವರು. ಸುಳ್ಳು. ಅವನ ಕೋಪ ಇದ್ದದ್ದು ಕೈಯಲ್ಲಿ. ಚಹಾ ಆರಿದ್ದರೆ ಕೆನ್ನೆಗೆ, ಇದ್ದಿಲು ಒದ್ದೆಯಾಗಿದ್ದರೆ ಬೆನ್ನಿಗೆ, ಗಿರಾಕಿ ಚೌಕಾಸಿ ಮಾಡಿದರೆ ಗಿರಾಕಿ ಹೋದ ಮೇಲೆ ಅವಳಿಗೆ. ಒಂದು ಸಲ ಕುತ್ತಿಗೆ ಹಿಡಿದು ನೀರಿನ ತೊಟ್ಟಿಗೆ ಮುಖ ಅದ್ದಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಬೀದಿಯವರು ಕಿವಿಗೆ ಹತ್ತಿ ಇಟ್ಟುಕೊಂಡರು. ಈ ಗಾದೆ ಮಾಡಿದವನು ಒಂದು ದಿನ ಆ ಮನೆಯಲ್ಲಿ ಉಂಡು ಮಲಗಬೇಕಿತ್ತು. ಆದರೆ ಒಂದು ಮಾತು: ಚಮಟಿಗೆ ಅವಳ ಕೈಯಲ್ಲಿದ್ದಾಗ ಅವನು ಒಂದು ದಿನವೂ ಅವಳ ಮೇಲೆ ಕೈ ಎತ್ತಿದವನಲ್ಲ. ಅವಳು ಅದನ್ನು ಕೆಳಗಿಡುವ ತನಕ ಹಲ್ಲು ಕಚ್ಚಿ ಕಾಯುತ್ತಿದ್ದ. ಹಾಗಾಗಿ ದಿನಕ್ಕೆ ಆರೇಳು ಗಂಟೆ ಅವಳು ಆ ಮನೆಯಲ್ಲಿ ಯಾರಿಗೂ ಹೆದರದೆ ನಿಂತಿರುತ್ತಿದ್ದಳು. ಅವಳಿಗೆ ಆ ಕೆಲಸ ಇಷ್ಟವಿತ್ತು. ಕಬ್ಬಿಣ ತನ್ನ ಏಟಿಗೆ ಅಗಲವಾಗುವುದನ್ನು ನೋಡಿದರೆ ಹೊಟ್ಟೆ ತುಂಬುತ್ತಿತ್ತು.

ಕೈ ಮುರಿದ ದಿನ ಅವರು ಕಲ್ಲುಕುಟಿಗರಿಗೆ ಉಳಿ ಮಾಡುತ್ತಿದ್ದರು. ಕಮ್ಮಾರ ನಿಲ್ಲಿಸು ಅಂತ ಎರಡು ಟಕ್ ಕೊಟ್ಟ. ಅದೇ ಹೊತ್ತಿಗೆ ಬಾಗಿಲ ಮುಂದೆ ಲಾರಿಯೊಂದು ಹಾರ್ನ್ ಬಾರಿಸಿತು. ಅವಳಿಗೆ ಕೇಳಿಸಲಿಲ್ಲ. ಚಮಟಿಗೆ ಇಳಿಯಿತು, ತೆಳುವಾಗಿದ್ದ ಉಳಿಯ ಬಾಯಿ ಸೀಳಿಹೋಯಿತು. ಅವನ ತಲೆ ಇನ್ನೂ ಬಗ್ಗಿರಲಿಲ್ಲ ಅನ್ನುವುದು ಅವನ ಪುಣ್ಯ. ಅವಳು ಬೆಚ್ಚಿ ಚಮಟಿಗೆಯನ್ನು ನೆಲಕ್ಕಿಟ್ಟಳು. ಇಡಬಾರದಿತ್ತು. ಅವನು ಬೀಸಿದ ಇಕ್ಕಳ ಅವಳ ಬಲ ಮುಂಗೈಗೆ ಬಿತ್ತು. ಹಸಿ ಕಡ್ಡಿ ಮುರಿದಂಥ ಸದ್ದು ಅವಳಿಗೆ ಮೊದಲು ಕೇಳಿಸಿತು, ನೋವು ಆಮೇಲೆ ಬಂತು.

"ಮೆಟ್ಲಲ್ಲಿ ಜಾರಿ ಬಿದ್ಳು," ಅಂದ ಕಮ್ಮಾರ ಆಸ್ಪತ್ರೆಯಲ್ಲಿ.

"ಎಷ್ಟು ಮೆಟ್ಲಿದೆ ನಿಮ್ಮನೇಲಿ?" ಅಂತ ಕೇಳಿದರು ಪ್ಲಾಸ್ಟರ್ ಹಾಕುವ ಡಾಕ್ಟರು.

"ಒಂದು," ಅಂದಳು ಅವಳು. ಡಾಕ್ಟರು ಇಬ್ಬರನ್ನೂ ನೋಡಿದರು, ಚೀಟಿಯ ಮೇಲೆ ಏನೋ ಬರೆದರು, ಅಷ್ಟಕ್ಕೇ ಮುಗಿಯಿತು. ಮೊಣಕೈ ಮಡಿಸಿ, ತೋಳಿನಿಂದ ಬೆರಳ ಬುಡದ ತನಕ ಪ್ಲಾಸ್ಟರ್ ಬಿತ್ತು. ಆರು ವಾರ.

ಅದೇ ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ವ್ಯಾಯಾಮ ಹೇಳಿಕೊಡುವ ಹೆಂಗಸೊಬ್ಬಳಿದ್ದಳು. ರೋಗಿಗಳೆಲ್ಲ ಅವಳನ್ನು ಕೈಕಾಲು ಡಾಕ್ಟರಮ್ಮ ಅನ್ನುತ್ತಿದ್ದರು. ಏನು ಕೆಲಸ ಅಂತ ಕೇಳಿ, ಉತ್ತರ ಕೇಳಿ, ಅವಳು ಕಣ್ಣರಳಿಸಿದಳು.

"ನೋಡಮ್ಮ, ಮೂಳೆ ತಾನಾಗೇ ಕೂಡ್ಕೊಳ್ಳುತ್ತೆ. ನನಗೆ ಚಿಂತೆ ಅದಲ್ಲ. ಕೈ ಆಡಿಸೋಕೆ ತಲೆ ಒಳಗೆ ಒಂದು ಜಾಗ ಇದೆ. ಕೈ ಕಟ್ಟಿಹಾಕಿದ್ರೆ ಆ ಜಾಗ ಮಂಕಾಗುತ್ತೆ. ಜನ ನಡೀದೇ ಇರೋ ದಾರೀಲಿ ಹುಲ್ಲು ಬೆಳೆಯಲ್ವಾ, ಹಾಗೆ. ಅಷ್ಟೊತ್ತಿಗೆ ಎಡಗೈ ಕೆಲಸ ಕಲ್ತು ಯಜಮಾನಿಕೆ ಶುರು ಮಾಡಿರುತ್ತೆ. ಪ್ಲಾಸ್ಟರ್ ತೆಗೆದ ಮೇಲೆ ಬಲಗೈಗೆ 'ಬಾ' ಅಂದ್ರೆ ಅದು 'ಯಾರು ಕರೆದಿದ್ದು' ಅನ್ನುತ್ತೆ."

"ಮತ್ತೆ ಚಮಟಿಗೆ ಎತ್ತೋಕಾಗಲ್ವಾ?"

"ಆಗುತ್ತೆ. ಅದಕ್ಕೊಂದು ಉಪಾಯ ಇದೆ, ಎಲ್ರಿಗೂ ಒಂದೇ ಥರ ಹತ್ತಲ್ಲ, ಮಾಡಿ ನೋಡು. ದಿನಕ್ಕೆರಡು ಸಲ ಕಣ್ಮುಚ್ಚಿ ಕೂತ್ಕೊಂಡು ಮನಸ್ಸಲ್ಲೇ ಕೆಲಸ ಮಾಡು. ಸಿನಿಮಾ ನೋಡಿದ ಹಾಗಲ್ಲ, ಒಳಗಿಂದ. ಹಿಡಿ ಹಿಡಿದಿದ್ದು, ಭಾರ, ಸದ್ದು, ವಾಸನೆ, ಯಾವುದಾದ ಮೇಲೆ ಯಾವುದು, ಎಲ್ಲ ಇರಬೇಕು. ಕೈ ಅಲ್ಲಾಡಬಾರದು. ತಲೆ ಒಳಗೆ ಮಾತ್ರ ಆ ದಾರೀಲಿ ಓಡಾಡ್ತಾ ಇರು."

ಸುತ್ತಿಗೆ ಅತ್ತಿಗೆ ಮನೆಗೆ ಬಂದು ಅತ್ತೆಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. ಕುಲುಮೆಯಲ್ಲಿ ಅವಳ ಜಾಗಕ್ಕೆ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವನು ಬಂದಿದ್ದ. ಮೈ ತುಂಬ ಬಲ, ಆದರೆ ತಾಳ ಗೊತ್ತಿಲ್ಲ. ಟಕ್ ಬಲಕ್ಕಾದರೆ ಧಡ್ ಎಡಕ್ಕೆ. "ನಿನ್ ಸೊಸೆ ಕೈ ಕಾಲ್ಭಾಗನೂ ಇಲ್ಲ ಇವನದು," ಅಂತ ಕಮ್ಮಾರ ತಾಯಿಗೆ ಕೂಗಿ ಹೇಳುತ್ತಿದ್ದ. ಆ ಕೈ ಮುರಿದವನು ತಾನೇ ಅನ್ನುವುದು ಅವನ ನೆನಪಿನಲ್ಲಿ ಇದ್ದಂತಿರಲಿಲ್ಲ.

ಮೊದಲ ವಾರ ಅವಳು ಪ್ರಾಮಾಣಿಕವಾಗಿಯೇ ಕಬ್ಬಿಣ ಬಡಿದಳು. ಬೆಳಿಗ್ಗೆ ನಲವತ್ತು ಏಟು, ಮಧ್ಯಾಹ್ನ ನಲವತ್ತು. ಕಣ್ಣು ಮುಚ್ಚಿ, ಎಡಗೈ ಹಿಡಿಯ ತುದಿಗೆ, ಬಲಗೈ ಮೇಲಿಂದ ಜಾರಿಕೊಂಡು ಕೆಳಗೆ. ಟಕ್, ಧಡ್. ಆದರೆ ಏಟು ಮಸುಕು ಮಸುಕಾಗಿ ಬರುತ್ತಿತ್ತು, ನಡುವೆ ಅಡುಗೆಮನೆಯ ಚಿಂತೆ ನುಗ್ಗುತ್ತಿತ್ತು. "ಏನೇ ಅದು, ಕೂತಲ್ಲೇ ತೂಕಡಿಕೆ? ಕೈಗೆ ತಾನೇ ಪೆಟ್ಟು ಬಿದ್ದಿದ್ದು, ತಲೆಗಲ್ವಲ್ಲ," ಅಂತ ಮುದುಕಿ ಗೊಣಗುತ್ತಿದ್ದಳು.

ಎರಡನೆಯ ವಾರ ಒಂದು ಮಧ್ಯಾಹ್ನ ಎಡಗೈಯಲ್ಲಿ ಚಹಾ ಕೊಡಲು ಹೋಗಿ ಅವಳು ಅವನ ಕಾಲ ಮೇಲೆ ಚೆಲ್ಲಿದಳು. ಅವನು ಮೂಟೆಯವನ ಎದುರಿಗೇ ಅವಳ ಜಡೆ ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಎರಡು ಸಲ ಬಡಿದ. ಮೂಟೆಯವನು ಗೋಡೆ ನೋಡಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವಳು ಒರೆಸಿಕೊಂಡು, ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿದಳು. ನಲವತ್ತು ಏಟು ಬಾಕಿ ಇತ್ತು.

ಮನಸ್ಸಿನ ಕುಲುಮೆಯಲ್ಲಿ ಅವನು ಎರಡು ಟಕ್ ಕೊಟ್ಟ. ತಲೆ ಬಗ್ಗಿಸಿದ. ಚಮಟಿಗೆ ನಿಲ್ಲಲಿಲ್ಲ.

ಅವಳು ಹೌಹಾರಿ ಕಣ್ಣು ಬಿಟ್ಟಳು. ಅಲ್ಲಿ ಅವನು ಹಾಗೇ ಇದ್ದ, ಮೂಟೆಯವನನ್ನು ಬೈಯುತ್ತಾ, ತಲೆ ಕತ್ತಿನ ಮೇಲೇ ಇಟ್ಟುಕೊಂಡು. ಅಯ್ಯೋ ಪಾಪಿ ಅಂತ ತನ್ನನ್ನೇ ಬೈದುಕೊಂಡಳು. ಆ ದಿನ ಮತ್ತೆ ಕಣ್ಣು ಮುಚ್ಚಲಿಲ್ಲ. ಮಾರನೆಯ ಬೆಳಿಗ್ಗೆ ಕಬ್ಬಿಣದ ಮೇಲೆ ಮನಸ್ಸಿಟ್ಟು ನೋಡಿದಳು, ಏಟು ಮಸುಕಾಗಿಯೇ ಬಂತು. ಒಂದೇ ಒಂದು ಸಲ, ಬರೀ ನೋಡೋಣ ಅಂತ, ಹಿಂದಿನ ದಿನದ ಆ ಇನ್ನೊಂದು ಏಟನ್ನು ಕರೆದಳು. ಅದು ಬಂತು ನೋಡಿ, ಹಿಡಿಯ ಬೆವರು ಸಮೇತ, ಇದ್ದಿಲ ವಾಸನೆ ಸಮೇತ. ಎಡ ಕಿವಿಯ ಹಿಂದೆ, ಕೂದಲು ತೆಳುವಾಗಿದ್ದ ಒಂದು ಜಾಗದಲ್ಲಿ ಚಮಟಿಗೆ ಇಳಿಯಿತು. ಮಣ್ಣಿನ ಹೂಜಿ ಒಡೆದ ಹಾಗೆ ಸದ್ದಾಯಿತು. ಬಿಸಿ ಬಿಸಿ ಏನೋ ಅವಳ ಕೆನ್ನೆಗೆ ಸಿಡಿಯಿತು. ಕಾದ ಅಲಗಿನ ಮೇಲೆ ರಕ್ತ ಚುರ್ ಅಂತು.

ಆಮೇಲೆ ಬರೀ ಅದೇ. ಟಕ್ ಟಕ್, ತಲೆ ಬಗ್ಗಿತು, ಎತ್ತು, ಇಳಿಸು. ಬೆಳಿಗ್ಗೆ ನಲವತ್ತು, ಮಧ್ಯಾಹ್ನ ನಲವತ್ತು. ಅವನು ಬೈದ ದಿನ ಐವತ್ತು. ನಾನು ಅವಳನ್ನು ಸಮರ್ಥಿಸುತ್ತಿಲ್ಲ, ದೂರುತ್ತಲೂ ಇಲ್ಲ. ಹತ್ತೊಂಬತ್ತು ವರ್ಷ ಏಟು ತಿಂದವಳು ಕೂತಲ್ಲೇ ಕೂತು, ಒಂದು ಬೆರಳೂ ಅಲ್ಲಾಡಿಸದೆ ತಿರುಗಿ ಕೊಟ್ಟಳು. ಯಾರಿಗೂ ನಷ್ಟವಿಲ್ಲ ಅಂದುಕೊಂಡಿದ್ದಳು. ರಾತ್ರಿಯ ಊಟ ಬಡಿಸುವಾಗ ಅವಳ ಮುಖ ಶಾಂತವಾಗಿರುತ್ತಿತ್ತು. "ಏಟು ಬಿದ್ಮೇಲೆ ಬುದ್ಧಿ ಬಂದಿದೆ," ಅಂತ ಕಮ್ಮಾರ ತಾಯಿಗೆ ಹೇಳಿದ.

"ಮಾಡ್ತಿದ್ದೀಯಾ?" ಅಂತ ಕೈಕಾಲು ಡಾಕ್ಟರಮ್ಮ ಕೇಳಿದಳು ನಾಲ್ಕನೆಯ ವಾರ.

"ಒಂದು ದಿನಾನೂ ತಪ್ಪಿಸಿಲ್ಲ."

"ಚೆನ್ನಾಗಿ ಕಾಣುತ್ತಾ?"

"ಕಣ್ಣಿಗೆ ಕಟ್ಟಿದ ಹಾಗೆ," ಅಂದಳು ಸುತ್ತಿಗೆ ಅತ್ತಿಗೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಡಾಕ್ಟರಮ್ಮ ಭೇಷ್ ಅಂತ ಬೆನ್ನು ತಟ್ಟಿದಳು.

ಆರು ವಾರಕ್ಕೆ ಪ್ಲಾಸ್ಟರ್ ಕತ್ತರಿಸಿದರು. ಒಳಗಿಂದ ಹೊರಬಿದ್ದದ್ದು ಅವಳ ಕೈಯೇ ಅಲ್ಲ ಅನ್ನಿಸಿತು. ಸೊರಗಿತ್ತು, ಸಿಪ್ಪೆ ಏಳುತ್ತಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಸೊರಗಿದ್ದು ದೊಡ್ಡದಲ್ಲ, ಮಾತು ಕೇಳದ್ದೇ ದೊಡ್ಡದು. ಲೋಟಕ್ಕೆ ಕೈ ಚಾಚಿದರೆ ಲೋಟ ದಾಟಿ ಮುಂದೆ ಹೋಗುತ್ತಿತ್ತು. ಸ್ವಿಚ್ಚಿಗೆ ಹೋದರೆ ಗೋಡೆ ತಡವುತ್ತಿತ್ತು. ತಲೆ ಬಾಚಲು ಹೋಗಿ ಬಾಚಣಿಗೆ ಕಣ್ಣಿಗೆ ಚುಚ್ಚಿತು. 'ಬಾ' ಅಂದ ಮೇಲೆ ಒಂದು ಗಳಿಗೆ ಯೋಚನೆ ಮಾಡಿ ಬರುತ್ತಿತ್ತು, ಸರ್ಕಾರಿ ಕಚೇರಿಯ ಜವಾನನಂತೆ. ಅಷ್ಟರಲ್ಲಿ ಎಡಗೈ ಮುಂದೆ ಬಿದ್ದು ಕೆಲಸ ಮುಗಿಸಿಬಿಡುತ್ತಿತ್ತು. ಒಂದು ಸಂಜೆ ಅಂಗಿಯ ಗುಂಡಿಯೊಂದನ್ನು ಹಾಕಲಾರದೆ ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಏಟಿಗೆ ಅವಳು ಯಾವತ್ತೂ ಹಾಗೆ ಅತ್ತಿರಲಿಲ್ಲ.

"ಎರಡು ವಾರ ನೋಡ್ತೀನಿ," ಅಂದ ಕಮ್ಮಾರ. "ಆಮೇಲೆ ಮೂಟೆಯವನೇ ಖಾಯಂ. ನೀನು ಕುಲುಮೆ ಕಡೆ ತಲೆ ಹಾಕೋದು ಬೇಡ, ಒಳಗೆ ಬಿದ್ದಿರು."

ಒಳಗೆ ಬಿದ್ದಿರುವುದು ಅಂದರೆ ಏನು ಅಂತ ಅವಳಿಗೆ ಗೊತ್ತಿತ್ತು. ಕೈಯಲ್ಲಿ ಚಮಟಿಗೆ ಇಲ್ಲದೆ, ದಿನದ ಇಪ್ಪತ್ತನಾಲ್ಕು ಗಂಟೆಯೂ ಅವನ ಕೈಗೆ ಸಿಗುವ ಹಾಗೆ ಬಿದ್ದಿರುವುದು. ಡಾಕ್ಟರಮ್ಮ ಹೇಳಿದಂತೆ ಎಡಗೈಯನ್ನು ಟವೆಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಳು. ಹಗಲೆಲ್ಲ ಬಲಗೈಯೇ ತುತ್ತು ಎತ್ತಬೇಕು, ಬಲಗೈಯೇ ಪಾತ್ರೆ ತಿಕ್ಕಬೇಕು. ಮೂರು ಲೋಟ ಒಡೆದವು, ಮೂರಕ್ಕೂ ಕೆನ್ನೆಗೆ ಬಿತ್ತು. ಅವಳು ಬಿಡಲಿಲ್ಲ. ಹತ್ತನೆಯ ದಿನಕ್ಕೆ ಬಲಗೈ ಗುಂಡಿ ಹಾಕಿತು. ಹನ್ನೊಂದನೆಯ ದಿನ ಕುಲುಮೆಗೆ ಹೋಗಿ, ಕಬ್ಬಿಣವಿಲ್ಲದ ಅಡಿಗಲ್ಲಿನ ಮೇಲೆ ಮರದ ತುಂಡಿಟ್ಟು, ಎಡಗೈಯ ಕಟ್ಟು ಬಿಚ್ಚಿ, ಚಮಟಿಗೆ ಎತ್ತಿದಳು.

ಎತ್ತಿದ್ದು ಸೊಗಸಾಗಿತ್ತು. ಲೋಟಕ್ಕೆ ತಡವರಿಸುವ ಕೈ ಇಲ್ಲಿ ತಡವರಿಸಲಿಲ್ಲ, ಹಿಡಿಯ ಮೇಲೆ ಎಣ್ಣೆ ಹಚ್ಚಿದಂತೆ ಜಾರಿತು. ಏಟು ಮಾತ್ರ ಮರಕ್ಕೆ ಬೀಳದೆ ಒಂದು ಗೇಣು ಆಚೆಗೆ, ಕಮ್ಮಾರ ನಿಲ್ಲುವ ಕಡೆಗೆ ಬಿತ್ತು. ಮತ್ತೆ ಎತ್ತಿದಳು. ಅದೇ ಒಂದು ಗೇಣು ಆಚೆ. ಐದು ಸಲ ಎತ್ತಿದರೆ ಐದು ಸಲವೂ ಅಲ್ಲೇ. ತಪ್ಪುವ ಕೈ ಒಂದೊಂದು ಸಲ ಒಂದೊಂದು ಕಡೆ ತಪ್ಪುತ್ತದೆ. ಇದು ಒಂದೇ ಕಡೆ ತಪ್ಪುತ್ತಿತ್ತು. ಅವನು ಬಗ್ಗಿದಾಗ ಅಲ್ಲಿ ಏನಿರುತ್ತದೆ ಅಂತ ಹೊಳೆದಾಗ ಅವಳು ಚಮಟಿಗೆ ಕೆಳಗಿಟ್ಟಳು.

"ಯಾಕೆ ಆ ಕಡೆ ಹೊಡೀತೀಯೆ?" ಅಂದಳು ಹೊಸ್ತಿಲ ಮೇಲಿಂದ ಮುದುಕಿ.

"ಅಭ್ಯಾಸ ತಪ್ಪಿದೆ ಅತ್ತೆ."

ಮುದುಕಿ ಮೊಳೆ ಬಡಿಯುವುದನ್ನು ನಿಲ್ಲಿಸಿದಳು. ಮೂವತ್ತು ವರ್ಷ ಆ ಅಡಿಗಲ್ಲಿನ ಎದುರು ಅದೇ ಚಮಟಿಗೆ ಎತ್ತಿದವಳು, ಅದೇ ಥರದ ಗಂಡನಿಗೆ. "ತಪ್ಪಿದ ಹಾಗೆ ಕಾಣಲ್ಲ," ಅಂದಳಷ್ಟೆ.

ಸುತ್ತಿಗೆ ಅತ್ತಿಗೆ ಆ ಮಧ್ಯಾಹ್ನವೆಲ್ಲ ಮರದ ತುಂಡನ್ನು ಹೊಡೆದು ಹೊಡೆದು ಚೂರು ಮಾಡಿದಳು. ಪ್ರತಿ ಏಟಿಗೂ ಕೈಯನ್ನು ಎಳೆದು ತಂದು ಮರದ ಮೇಲೆ ಹಾಕಬೇಕಿತ್ತು, ಹಟಮಾರಿ ಎಮ್ಮೆಯನ್ನು ಗೂಟಕ್ಕೆ ತಂದಂತೆ. ಹದಿಮೂರನೆಯ ದಿನಕ್ಕೆ ಏಟು ಗುರುತಿಗೆ ಬಿತ್ತು. ಕಣ್ಣು ಮುಚ್ಚಿ ಕೂರುವುದನ್ನು ಬಿಟ್ಟಳು. ಆ ಚಟ ಮುಗಿಯಿತು, ಇನ್ನು ಅದರ ಸುದ್ದಿ ಬೇಡ ಅಂತ ತನಗೆ ತಾನೇ ಹೇಳಿಕೊಂಡಳು.

ಹದಿನೈದನೆಯ ದಿನ ಮೂಟೆಯವನನ್ನು ಬೀದಿಯಲ್ಲೇ ನಿಲ್ಲಿಸಿ ಕಮ್ಮಾರ ಅವಳನ್ನು ಕರೆದ. ಹಾರೆಯ ತುದಿ ಮಾಡಬೇಕಿತ್ತು. ಇದ್ದಿಲು ಉರಿಯಿತು, ಕಬ್ಬಿಣ ಬೆಳ್ಳಗೆ ಕಾಯಿತು. ಟಕ್, ಧಡ್. ಟಕ್, ಧಡ್. ಎಂಟು ವಾರದ ಮೇಲೆ ಆ ತಾಳ ಕೇಳಿ ಬೀಗ ರಿಪೇರಿಯವನು ಅಂಗಡಿಯಿಂದ ಇಳಿದು ಬಂದ. "ಬಂದ್ಬಿಟ್ಳಪ್ಪ ಸುತ್ತಿಗೆ ಅತ್ತಿಗೆ!" ಅಂತ ಕೂಗಿದ. ಕಿಡಿ ಹಾರಿತು, ಬೆವರು ಹರಿಯಿತು, ಅವಳಿಗೆ ನಗು ಬಂತು. ಕಮ್ಮಾರನೂ ಒಂದು ಸಲ ಹಲ್ಲು ಬಿಟ್ಟ. ಗೆದ್ದೆ ಅಂದುಕೊಂಡಳು ಅವಳು. ಕೈ ಬಂತು, ಜಾಗ ಉಳಿಯಿತು.

ಅವನು ಅಂಚಿಗೆ ಎರಡು ಸಲ ಟಕ್ ಟಕ್ ಅನ್ನಿಸಿದ. ತಲೆ ಬಗ್ಗಿಸಿದ.

ನಿಲ್ಲಬೇಕಾದ ಚಮಟಿಗೆ ಮೇಲೆದ್ದಿತು. ಅವಳು ಎತ್ತಲಿಲ್ಲ, ಇದನ್ನು ನಂಬುವವರು ನಂಬಲಿ. ಎರಡು ಟಕ್ ಅಂದರೆ ನಿಲ್ಲು ಅಂತ ಹತ್ತೊಂಬತ್ತು ವರ್ಷ ಕಲಿತಿದ್ದ ಕೈ, ಎರಡು ಟಕ್ ಅಂದರೆ ಶುರು ಅಂತ ಐದಾರು ವಾರದಲ್ಲಿ ಕಲಿತುಬಿಟ್ಟಿತ್ತು. ಬಲಗೈ ಹಿಡಿಯ ಮೇಲೆ ಸರ್ರನೆ ಜಾರಿತು. ಚಮಟಿಗೆ ನೆತ್ತಿಯ ಮೇಲೆ ಹೋಗಿ, ತಿರುಗಿ, ಇಳಿಯತೊಡಗಿತು. ಎಡ ಕಿವಿಯ ಹಿಂದೆ ಕೂದಲು ತೆಳುವಾದ ಜಾಗ ಅವಳಿಗೆ ಕಾಣಿಸಿತು. ತಡೆಯಲು ಹೊತ್ತಿರಲಿಲ್ಲ. ಅವಳಿಂದ ಆದದ್ದು ಒಂದೇ, ಎರಡೂ ಕೈ ಬಿಚ್ಚಿಬಿಟ್ಟಳು.

ಚಮಟಿಗೆ ಅವನ ಕಿವಿಯ ತುದಿ ಸವರಿಕೊಂಡು ಹೋಗಿ ಕಲ್ಲಿನ ತೊಟ್ಟಿಗೆ ಅಪ್ಪಳಿಸಿತು. ತೊಟ್ಟಿ ಎರಡು ಹೋಳಾಯಿತು. ನೀರು ನೆಲಕ್ಕೆ ನುಗ್ಗಿತು, ಕಬ್ಬಿಣ ಜಾರಿ ಬಿದ್ದು ಕುಲುಮೆ ತುಂಬ ಹಬೆ ಎದ್ದಿತು. ಬೀಗ ರಿಪೇರಿಯವನು ಚೀರಿಕೊಂಡು ಹಿಂದೆ ಸರಿದ. ಕಮ್ಮಾರ ಕಿವಿ ಹಿಡಿದುಕೊಂಡು ನೆಟ್ಟಗಾದ. ಬೆರಳ ಸಂದಿಯಿಂದ ರಕ್ತ ಬರುತ್ತಿತ್ತು.

"ಕೈ ಜಾರಿಸ್ತೀಯಾ, ಬೇವರ್ಸಿ!" ಅಂತ ಇಕ್ಕಳ ಎತ್ತಿದ.

"ಇಕ್ಕಳ ಕೆಳಗಿಡೋ," ಅಂದಳು ಮುದುಕಿ. ಅವಳು ಹೊಸ್ತಿಲಿಂದ ಎದ್ದು ನಿಂತಿದ್ದಳು. "ಅವಳ ಕೈ ಜಾರಲಿಲ್ಲ. ನಾನು ನೋಡ್ದೆ."

ಕಮ್ಮಾರ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವಳ ಕೈಯಲ್ಲಿ ಏನೂ ಇರಲಿಲ್ಲ. ಆದರೂ ಅವಳು ಹಿಂದೆ ಸರಿಯಲಿಲ್ಲ, ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ.

"ಪ್ಲಾಸ್ಟರ್ ಹಾಕಿದ್ದಾಗ ಕೂತ್ಕೊಂಡು ದಿನಾ ಹೊಡೀತಿದ್ದೆ," ಅಂದಳು. "ಮನಸ್ಸಲ್ಲಿ. ಕಬ್ಬಿಣಾನಲ್ಲ, ನಿನ್ನ. ನೀನು ಎರಡು ಟಕ್ ಕೊಟ್ಟು ಬಗ್ತೀಯಲ್ಲ, ಆವಾಗ. ದಿನಕ್ಕೆ ಎಂಬತ್ತು ಸಲ. ಇವತ್ತು ಕೈ ತಾನಾಗೇ ಹೊರಟಿತ್ತು, ನಾನು ಬಿಟ್ಟು ಬಿಸಾಕಿದೆ. ಇನ್ನೊಂದು ದಿನ ಬಿಡೋಕಾಗುತ್ತೋ ಇಲ್ವೋ, ನಂಗೊತ್ತಿಲ್ಲ."

ಅವನು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. "ಎಲ್ಲಿ?" ಅಂದ. ಅದು ಕೇಳುವ ಪ್ರಶ್ನೆಯೇ ಅಲ್ಲ. ಆದರೆ ಅವನು ಕಮ್ಮಾರ, ಏಟು ಎಲ್ಲಿ ಬೀಳುತ್ತದೆ ಅಂತ ಗೊತ್ತಾಗದೆ ಅವನಿಗೆ ಸಮಾಧಾನವಿಲ್ಲ.

ಅವಳು ಒಂದು ಹೆಜ್ಜೆ ಮುಂದಿಟ್ಟು ಬಲಗೈ ಚಾಚಿದಳು. ಹಬೆಯಲ್ಲಿ ಸರಿಯಾಗಿ ಮುಖವೂ ಕಾಣುತ್ತಿರಲಿಲ್ಲ. ತೋರುಬೆರಳು ಅವನ ಎಡ ಕಿವಿಯ ಹಿಂದೆ ಹೋಗಿ, ಒಂದಿಷ್ಟೂ ಹುಡುಕದೆ, ಕೂದಲು ತೆಳುವಾದ ಜಾಗದ ಮೇಲೆ ನಿಂತಿತು. "ಇಲ್ಲಿ," ಅಂದಳು. "ಯಾವಾಗ್ಲೂ ಇಲ್ಲೇ."

ಅವನ ಕತ್ತಿನ ರೋಮ ನಿಂತದ್ದು ಬೆರಳಿಗೆ ಗೊತ್ತಾಯಿತು. ಇಕ್ಕಳ ನೀರಿನಲ್ಲಿ ಬಿತ್ತು.

ಅವಳಿಗೆ ಮೊದಲು ಆದದ್ದು ಸಂತೋಷ. ಕೈ ಪೂರ್ತಿ ಬಂದಿದೆ, ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ ಅನ್ನುವ ಸಂತೋಷ. ಅದರ ಬೆನ್ನಿಗೇ ಆ ಕೈಯ ಹೆದರಿಕೆ ಬಂತು. ಹತ್ತೊಂಬತ್ತು ವರ್ಷದಲ್ಲಿ ಅವನಿಗೆ ಕೂಡ ಅವಳು ಅಷ್ಟು ಹೆದರಿರಲಿಲ್ಲ.

ಬೆರಳು ತೆಗೆದು, ಚಮಟಿಗೆಯನ್ನು ದಾಟಿ, ಅವಳು ಬೀದಿಯ ಬಾಗಿಲಿಗೆ ಬಂದಳು. ಮೂಟೆಯವನು ಇನ್ನೂ ಅಲ್ಲೇ ನಿಂತಿದ್ದ.

"ಒಳಗೆ ಹೋಗಣ್ಣ," ಅಂದಳು. "ನಾಳೆಯಿಂದ ನೀನೇ ಹೊಡಿ. ನಿಂಗೆ ತಾಳ ಗೊತ್ತಿಲ್ದಿದ್ರೂ ಪರವಾಗಿಲ್ಲ, ನೀನು ಕಬ್ಬಿಣಾನೇ ಹೊಡೀತೀಯ."

ಕಮ್ಮಾರ ಎಡ ಕಿವಿಯ ಹಿಂದೆ ಅಂಗೈ ಅಡ್ಡ ಇಟ್ಟುಕೊಂಡು ಮೂಟೆಯವನಿಗೆ ದಾರಿ ಬಿಟ್ಟ.